ಒಬ್ಬನ ಬೆಳಕು, ಇನ್ನೊಬ್ಬನ ಕತ್ತಲೆ

ರಾತ್ರಿ ಹೊತ್ತು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ನಡೆಯುವವರು, ಸೈಕಲ್ ತುಳಿಯುವವರು, ಗಾಡಿ ಹೊಡೆಯುವವರು ಇತ್ತೀಚಿನ ವರ್ಷಗಳಲ್ಲಿ ಒಂದು ಪೀಡೆಗೆ ಗುರಿಯಾಗಿದ್ದಾರೆ. ಎದುರಿನಿಂದ ಬರುವ ಕಾರಿನ ದೀಪ ನೀಲಿ ಬೆರೆತ ಬಿಳುಪಿನಿಂದ ಕಣ್ಣಿಗೆ ಇರಿಯುತ್ತದೆ. ಕಾರು ದಾಟಿಹೋದ ಮೇಲೂ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಅದೇನೂ ಹೊಸ ಕಾರಾಗಿರಬೇಕಿಲ್ಲ. ಹಲವು ವೇಳೆ ಅದು ಹತ್ತು ಹನ್ನೆರಡು ವರ್ಷ ಓಡಿದ ಕಾರು. ಕಾರ್ಖಾನೆಯವರು ಅದಕ್ಕೆ ಹ್ಯಾಲೊಜನ್ ಬಲ್ಬು ಹಾಕಿ ಕಳಿಸಿದ್ದರು. ಮಾಲೀಕರು ಅದನ್ನು ಕಿತ್ತು, ಅದೇ ಗೂಡಿಗೆ ಕ್ಸೆನಾನ್ ಬಲ್ಬು, ಎಂದರೆ ಅಂಗಡಿಯವರು ಹೇಳುವ ಎಚ್.ಐ.ಡಿ. ಕಿಟ್, ಹಾಕಿಸಿದ್ದಾರೆ. ಅವರ ಕಾರು, ಅವರ ಹಣ, ನಿಮಗೇಕೆ ಚಿಂತೆ ಎಂದು ಕೇಳುವವರಿದ್ದಾರೆ. ಕಾರು ಅವರದು, ನಿಜ; ರಸ್ತೆ ಎಲ್ಲರದು. ನಮ್ಮ ಮಾತು ರಸ್ತೆಯನ್ನು ಕುರಿತದ್ದು.

ಕಳೆದ ಚಳಿಗಾಲದಲ್ಲಿ ನಾವೂ ಸಂಗಡಿಗರೊಬ್ಬರೂ ಹಳ್ಳಿಯೊಂದರ ಸಭೆ ಮುಗಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಊರಿಗೆ ಹಿಂದಿರುಗುತ್ತಿದ್ದೆವು. ಎದುರಿನಿಂದ ಇಂಥದೇ ಒಂದು ಕಾರು ಬಂತು. ಅದರ ಬೆಳಕಿನಲ್ಲಿ ರಸ್ತೆಯೇ ಅಳಿಸಿಹೋದಂತಾಯಿತು. ಬ್ರೇಕು ಒತ್ತಿ ಬದಿಗೆ ಉರುಳಿ ಬಿದ್ದೆವು. ಎದ್ದು ನೋಡಿದರೆ ಮುಂದೆ ಮೂರು ಮಾರು ದೂರದಲ್ಲಿ ಕಬ್ಬು ಹೇರಿದ ಎತ್ತಿನ ಗಾಡಿ. ಹಿಂದೆ ದೀಪವಿರಲಿಲ್ಲ. ಗಾಡಿಯ ಮೇಲೆ ತಂದೆಯ ಪಕ್ಕದಲ್ಲಿ ಹತ್ತು ವರ್ಷದ ಹುಡುಗ ನಿದ್ದೆಹೋಗಿದ್ದ. ಕಾರಿನವರು ಯಾರನ್ನೂ ಮುಟ್ಟಲಿಲ್ಲ, ಹೋಗಿಯೇ ಬಿಟ್ಟರು. ನಾವು ಗಾಡಿಗೆ ಗುದ್ದಿದ್ದರೆ ಪೊಲೀಸರ ಕಾಗದದಲ್ಲಿ ನಮ್ಮ ಹೆಸರಿರುತ್ತಿತ್ತು, ಗಾಡಿಯವನ ಹೆಸರಿರುತ್ತಿತ್ತು. ಆ ಕಾರಿನ ಪ್ರಸ್ತಾಪವೂ ಬರುತ್ತಿರಲಿಲ್ಲ. ಈ ಅನ್ಯಾಯದ ವಿಶೇಷವೇ ಇದು. ಮಾಡಿದವನಿಗೆ ತಾನು ಮಾಡಿದ್ದು ತಿಳಿಯುವುದೇ ಇಲ್ಲ.

ಊರಿನಲ್ಲಿ ವಿಚಾರಿಸಲಾಗಿ, ಇಂಥ ದೀಪ ಹಾಕಿಸಿದವರಲ್ಲಿ ನಮ್ಮ ಪರಿಚಿತ ವ್ಯಾಪಾರಿಗಳೊಬ್ಬರೂ ಇದ್ದರು. ಅವರೇನೂ ದುಷ್ಟರಲ್ಲ. "ಮೇಷ್ಟ್ರೇ, ಕಂಪನಿಯವರು ಕೊಟ್ಟ ದೀಪ ಮಿಣುಕುಹುಳದ ಹಾಗೆ. ಗುಂಡಿ ಕಾಣೋದಿಲ್ಲ, ದನ ಕಾಣೋದಿಲ್ಲ. ಕಾರಿನಲ್ಲಿ ಸೊಸೆ, ಮೊಮ್ಮಕ್ಕಳು ಕೂತಿರ್ತಾರೆ. ನಾನೇನು ಮಾಡ್ಲಿ ಹೇಳಿ?" ಎಂದರು. ಈ ಪ್ರಶ್ನೆಯನ್ನು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಆದರೆ ಅವರು ಕಂಡುಕೊಂಡ ಉತ್ತರ ಮಾತ್ರ ತಪ್ಪು. ಏಕೆ ತಪ್ಪೆಂಬುದನ್ನು ಮೊದಲು ಹೇಳುತ್ತೇವೆ.

ಶಾಲೆಯಲ್ಲಿ ನಿಮ್ನ ದರ್ಪಣದ ಪಾಠ ಕಲಿತವರಿಗೆ ಇದು ಕಷ್ಟದ ವಿಷಯವಲ್ಲ. ಬಾಗಿದ ಕನ್ನಡಿಯ ಮುಂದೆ ದೀಪವನ್ನು ಗೊತ್ತಾದ ಜಾಗದಲ್ಲಿಟ್ಟರೆ ಬೆಳಕು ಗೊತ್ತಾದ ದಿಕ್ಕಿಗೆ ಹೋಗುತ್ತದೆ. ಕೂದಲೆಳೆಯಷ್ಟು ಸರಿಸಿದರೂ ದಿಕ್ಕು ತಪ್ಪುತ್ತದೆ. ನಮ್ಮ ಅನೇಕ ಕಾರುಗಳಲ್ಲಿರುವ ಎಚ್-4 ಎಂಬ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತಿಗಳಿವೆ: ಬ್ರೈಟಿಗೆ 60 ವ್ಯಾಟಿನದು, ಡಿಮ್ಮಿಗೆ 55 ವ್ಯಾಟಿನದು. ಡಿಮ್ಮಿನ ತಂತಿಯ ಕೆಳಗೆ ಚಿಕ್ಕದೊಂದು ಲೋಹದ ಬಟ್ಟಲಿದೆ. ಅದು ಬೆಳಕನ್ನು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿಟ್ಟು, ಅಲ್ಲಿಂದ ರಸ್ತೆಗೆ ಇಳಿಯುವಂತೆ ಮಾಡುತ್ತದೆ. ಎದುರಿನವರ ಕಣ್ಣನ್ನು ಕಾಯುವುದು ಆ ಬಟ್ಟಲು. ಕ್ಸೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಎರಡು ತುದಿಗಳ ನಡುವೆ ಅನಿಲದಲ್ಲಿ ವಿದ್ಯುತ್ತಿನ ಕಿಡಿ ಉರಿಯುತ್ತದೆ. ಅದರ ಆಕಾರ ಬೇರೆ, ಹೊಳಪು ಹರಡಿರುವ ರೀತಿ ಬೇರೆ. ಎಚ್-4 ಡಿಮ್ಮಿನ ಬೆಳಕು ಸುಮಾರು 1,000 ಲ್ಯೂಮೆನ್. 35 ವ್ಯಾಟಿನ ಕ್ಸೆನಾನಿನದು ಸುಮಾರು 3,200. ಬೆಳಕು ಮೂರು ಪಟ್ಟಾಯಿತು, ಅದನ್ನು ಅಂಕೆಯಲ್ಲಿಡಬೇಕಾದ ಕನ್ನಡಿ ಮಾತ್ರ ಹಳೆಯದೇ ಉಳಿಯಿತು. ಸೇರಿನ ಪಾತ್ರೆಗೆ ಮೂರು ಸೇರು ಹೊಯ್ದರೆ ಚೆಲ್ಲದೆ ಇದ್ದೀತೆ?

ಕ್ಸೆನಾನ್ ದೀಪವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. 1991ರಲ್ಲಿ ಬಿ.ಎಂ.ಡಬ್ಲ್ಯು. ಕಂಪನಿಯವರು ತಮ್ಮ ದೊಡ್ಡ ಕಾರಿಗೆ ಅದನ್ನು ಮೊದಲು ಹಾಕಿದಾಗ, ಅದಕ್ಕೆಂದೇ ಬೇರೆ ದೀಪದ ಗೂಡು ಮಾಡಿದರು. ಯೂರೋಪಿನ ನಿಯಮದಂತೆ 2,000 ಲ್ಯೂಮೆನ್ ಮೀರಿದ ದೀಪವುಳ್ಳ ಕಾರಿಗೆ, ಹಿಂದೆ ಭಾರ ಹೇರಿದಾಗ ಬೆಳಕು ಮೇಲೇಳದಂತೆ ತಾನಾಗಿ ತಗ್ಗಿಸುವ ಯಂತ್ರವೂ, ಗಾಜು ತೊಳೆಯುವ ಏರ್ಪಾಡೂ ಕಡ್ಡಾಯವಾದವು. ಕಿಟ್ ಮಾರುವವರು ಇವನ್ನೆಲ್ಲ ಬಿಟ್ಟು ಬಲ್ಬು, ಚೋಕು ಮಾತ್ರ ಪೆಟ್ಟಿಗೆಗೆ ತುಂಬುತ್ತಾರೆ. ಈಚೆಗೆ ಅಂಗಡಿಗಳಲ್ಲಿ ಅದರ ಜಾಗಕ್ಕೆ ಎಲ್.ಇ.ಡಿ. ಬಲ್ಬು ಬಂದಿದೆ. ಹೆಸರು ಬದಲಾಯಿತು, ದೋಷ ಅದೇ.

ನಾವು ಆ ವ್ಯಾಪಾರಿಗಳ ಕಾರನ್ನು ಒಂದು ಸಂಜೆ ಶಾಲೆಯ ಗೋಡೆಯ ಎದುರು, 10 ಮೀಟರ್ ದೂರದಲ್ಲಿ ಸಮನೆಲದ ಮೇಲೆ ನಿಲ್ಲಿಸಿದೆವು. ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಅದರಿಂದ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆದೆವು. ಡಿಮ್ ದೀಪದ ಬೆಳಕು ಈ ಕೆಳಗಿನ ಗೆರೆಯ ಸುಮಾರಿಗೆ ಕತ್ತರಿಸಿದಂತೆ ನಿಲ್ಲಬೇಕು. ರಸ್ತೆಯ ಅಂಚು ಕಾಣಲೆಂದು ಎಡಗಡೆ ಮಾತ್ರ ಸ್ವಲ್ಪ ಏರಬಹುದು. ಅವರ ಕಾರಿನ ಬೆಳಕು ಎರಡು ಗೆರೆಗಳನ್ನೂ ದಾಟಿ ಹೆಂಚಿನವರೆಗೆ ಚೆಲ್ಲಿತ್ತು. ಹಳೆಯ ಬಲ್ಬನ್ನು ಹಾಕಿಸಿದ ಕೂಡಲೇ ಗೆರೆ ಮೂಡಿತು. ಅವರು ಬಹಳ ಹೊತ್ತು ಗೋಡೆಯನ್ನೇ ನೋಡುತ್ತ ನಿಂತರು.

ಹಾಗಾದರೆ ಅವರ ಗುಂಡಿಯ ಪ್ರಶ್ನೆಗೆ ಉತ್ತರವೇನು? ಬಿಸಿಲಿಗೆ ಹಳದಿಯಾದ ದೀಪದ ಹೊದಿಕೆಯನ್ನು ಉಜ್ಜಿಸಬೇಕು. ಹಳೆಯ ಬಲ್ಬು ಮಬ್ಬಾಗಿದ್ದರೆ ಅದೇ ಜಾತಿಯ ಒಳ್ಳೆಯ ಬಲ್ಬು ಹಾಕಬೇಕು. ಸಪೂರ ವೈರಿನಲ್ಲಿ ವಿದ್ಯುತ್ತು ಸೋರುತ್ತಿದ್ದರೆ ದಪ್ಪ ವೈರು, ರಿಲೇ ಹಾಕಿಸಬೇಕು. ಬಲ್ಬಿಗೆ ಮುಟ್ಟುವ ವೋಲ್ಟೇಜು ಶೇಕಡಾ 10 ಇಳಿದರೆ ಹ್ಯಾಲೊಜನ್ನಿನ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಕೊನೆಗೆ ಗೋಡೆಯ ಎದುರು ನಿಲ್ಲಿಸಿ ಸ್ಕ್ರೂ ತಿರುಗಿಸಿ ದೀಪದ ಮಟ್ಟ ಸರಿಮಾಡಬೇಕು. ವ್ಯಾಪಾರಿಗಳು ಇಷ್ಟನ್ನೂ ಮಾಡಿಸಿದರು. ಕಿಟ್ಟಿಗೆ ಕೊಟ್ಟಷ್ಟು ಹಣವೂ ಖರ್ಚಾಗಲಿಲ್ಲ. ಆದರೆ ನಾವು ಮಾತನಾಡಿಸಿದ ಇನ್ನಿಬ್ಬರು ಮಾಲೀಕರು ನಕ್ಕು ಸುಮ್ಮನಾದರು. ಆದ್ದರಿಂದಲೇ ಬುದ್ಧಿವಾದವೊಂದೇ ಸಾಲದು, ಕಾನೂನು ಬೇಕು ಎನ್ನುತ್ತೇವೆ.

ಕಾನೂನು ಇಲ್ಲದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 1989ರ ಕೇಂದ್ರ ನಿಯಮಗಳ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಕೂಡದು. 2019ರ ತಿದ್ದುಪಡಿಯು ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಮೊಕದ್ದಮೆ ಹೂಡಲು ಹೊರಟದ್ದೂ ಉಂಟು. ಆದರೆ ಸ್ವಂತ ಕಾರು ಒಮ್ಮೆ ನೋಂದಣಿಯಾದರೆ 15 ವರ್ಷ ಎಫ್.ಸಿ.ಗೆಂದು ಆರ್.ಟಿ.ಓ. ಕಚೇರಿಯ ಮುಖ ನೋಡಬೇಕಾಗಿಲ್ಲ. ಬಾಡಿಗೆ ಟ್ಯಾಕ್ಸಿಯವನು ಎರಡೆರಡು ವರ್ಷಕ್ಕೆ, ಗಾಡಿಗೆ ಎಂಟು ವರ್ಷ ಮೀರಿದರೆ ವರ್ಷವರ್ಷವೂ ತಪಾಸಣೆಗೆ ನಿಲ್ಲಬೇಕು. ದುಡಿದು ತಿನ್ನುವವನಿಗೊಂದು ಅಳತೆ, ಸ್ವಂತಕ್ಕೆ ಇಟ್ಟುಕೊಂಡವನಿಗೊಂದು ಅಳತೆ! ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಹ್ಯಾಲೊಜನ್ ಗೂಡಿಗೆ ಕ್ಸೆನಾನ್ ಹಾಕಿದ ಕಾರು ತೇರ್ಗಡೆಯಾಗುವುದಿಲ್ಲ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ?

ಮಾಲೀಕನೊಬ್ಬನನ್ನೇ ಹಿಡಿದು ದಂಡ ಹಾಕಿ ಕೈತೊಳೆದುಕೊಳ್ಳುವುದನ್ನೂ ನಾವು ಒಪ್ಪುವುದಿಲ್ಲ. ರಸ್ತೆಯ ಗುಂಡಿ ಮುಚ್ಚದೆ, ಅಂಚಿಗೆ ಬಿಳಿ ಗೆರೆ ಎಳೆಯದೆ ಬಿಟ್ಟವರು ಯಾರು? ಅಗ್ಗದ ಕಾರಿಗೆ ಸಾಧಾರಣ ದೀಪ, ದುಬಾರಿ ಕಾರಿಗೆ ಒಳ್ಳೆಯ ದೀಪ ಎಂದು ಸುರಕ್ಷತೆಯನ್ನು ದರ್ಜೆ ದರ್ಜೆಯಾಗಿ ಮಾರುತ್ತಿರುವವರು ಯಾರು? ಸಾರ್ವಜನಿಕ ಕೆಲಸ ನಡೆಯದಿದ್ದಾಗ ಪ್ರತಿಯೊಬ್ಬನೂ ತನ್ನ ತನ್ನ ರಕ್ಷಣೆಯನ್ನು ಅಂಗಡಿಯಲ್ಲಿ ಕೊಳ್ಳಲು ಹೊರಡುತ್ತಾನೆ; ಅದರ ಬೆಲೆಯನ್ನು ಏನೂ ಕೊಳ್ಳಲಾರದವನು ತೆರುತ್ತಾನೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ದೀಪದ ಮಟ್ಟ ನೋಡಿ ಸರಿಪಡಿಸುವ ಉಚಿತ ಏರ್ಪಾಡಾಗಲಿ. ಕಿಟ್ ಮಾರುವ, ಕೂಡಿಸುವ ಅಂಗಡಿಗಳ ಮೇಲೂ ಕ್ರಮ ಜರುಗಲಿ. ಎತ್ತಿನ ಗಾಡಿ, ಸೈಕಲ್ಲುಗಳಿಗೆ ಹೊಳೆಯುವ ಪಟ್ಟಿಯನ್ನು ಸರ್ಕಾರದವರೇ ಅಂಟಿಸಿಕೊಡಲಿ. ಈ ಮೂರಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಕಾರುಳ್ಳ ವಾಚಕರಲ್ಲಿ ಒಂದು ವಿನಂತಿ. ಇಂದು ರಾತ್ರಿ ನಿಮ್ಮ ಕಾರನ್ನು ಯಾವುದಾದರೊಂದು ಗೋಡೆಯ ಎದುರು ನಿಲ್ಲಿಸಿ, ದೀಪ ಹಚ್ಚಿ, ಇಳಿದು ಎದುರಿಗೆ ಹೋಗಿ ಒಂದು ಕ್ಷಣ ನಿಲ್ಲಿ. ನಿಮ್ಮ ಕಣ್ಣಿಗೆ ಸಹಿಸದ ಬೆಳಕನ್ನು ಕಬ್ಬಿನ ಗಾಡಿಯ ಹಿಂದೆ ಬರುವವನ ಕಣ್ಣಿಗೆ ಬಿಡಬೇಡಿ.