ಮಳೆ ಬಂದೀತು, ಬರಬಹುದು, ಬರುವ ಹಾಗಿದೆ

ಮಕ್ಕಳೇ, ಮಕ್ಕಳ ಜೊತೆ ಕೂತು ಓದುವ ಅಜ್ಜ-ಅಜ್ಜಿಯರೇ,

ದೀಪಾವಳಿ ರಜೆಗೆ ಮೊಮ್ಮಗ ಊರಿಗೆ ಬಂದಿದ್ದ. ಏಳನೇ ತರಗತಿ ಓದುತ್ತಾನೆ. ಒಂದು ಮಧ್ಯಾಹ್ನ ಅವನನ್ನು ಸಾಣಾಪುರದ ಕೆರೆಗೆ ಕರೆದುಕೊಂಡು ಹೋದೆ. ಸುತ್ತ ಗುಂಡುಗಲ್ಲಿನ ಬೆಟ್ಟಗಳು, ನಡುವೆ ನೀರು, ದಂಡೆಯಲ್ಲಿ ಬೋರಲು ಹಾಕಿದ ಹರಿಗೋಲುಗಳು. ನಮಗಿಂತ ಮೊದಲೇ ಬಂದಿದ್ದ ವಿದೇಶದ ಗಂಡ-ಹೆಂಡತಿ ಹರಿಗೋಲು ಹತ್ತಲು ಕಾಯುತ್ತಿದ್ದರು.

ಹುಟ್ಟು ಹಿಡಿದ ಕಾಕಾ ಬೆಟ್ಟದ ಕಡೆ ನೋಡಿದರು. ಮೋಡ ಕಪ್ಪಾಗಿ ಇಳಿಯುತ್ತಿತ್ತು, ಗಾಳಿಯೂ ಎದ್ದಿತ್ತು.

"ಮಳಿ ಬರಂಗೈತಿ. ಈಗ ನೀರಿಗೆ ಇಳಿಯೂದು ಬ್ಯಾಡ. ಅವರಿಗೆ ಸ್ವಲ್ಪ ಇಂಗ್ಲಿಷ್‌ನಾಗ ಹೇಳಪಾ," ಎಂದು ನನ್ನ ಮೊಮ್ಮಗನಿಗೆ ಹೇಳಿದರು.

ಅವನು ಹೆಮ್ಮೆಯಿಂದ, "ಇಟ್ ಮೇ ರೇನ್," ಅಂದ.

ಅವರಿಬ್ಬರೂ ನಕ್ಕು "ನೋ ಪ್ರಾಬ್ಲಂ" ಅಂದವರೇ ಹರಿಗೋಲಿಗೆ ಕಾಲಿಡಲು ಹೊರಟರು! ಕಾಕಾ "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತ ಕೈ ಅಡ್ಡ ಹಿಡಿದರು. ನಾನು ಮುಂದೆ ಹೋಗಿ, "ಇಟ್ಸ್ ಗೋಯಿಂಗ್ ಟು ರೇನ್" ಎಂದು ಬೆಟ್ಟದ ಕಡೆ ಕೈ ತೋರಿಸಿದೆ. ಅವರು ತಿರುಗಿ ನೋಡಿ ತಕ್ಷಣ ಹಿಂದೆ ಸರಿದರು. ನಾವೆಲ್ಲ ಚಹಾದಂಗಡಿ ಸೇರುವಷ್ಟರಲ್ಲಿ ಮಳೆ ಹೊಡೆಯತೊಡಗಿತು. ಕೆರೆಯ ಆಚೆ ದಂಡೆಯೇ ಕಾಣಲಿಲ್ಲ.

ಮೊಮ್ಮಗನ ಮುಖ ಸಣ್ಣದಾಗಿತ್ತು. "ಅಜ್ಜಾ, ನಾ ಹೇಳಿದ್ದು ತಪ್ಪೇನು? ಮೇ ಅಂದ್ರ ಬಹುದು ಅಂತ ನಮ್ಮ ಟೀಚರ್ ಕಲಿಸ್ಯಾರ."

ಟೀಚರ್ ಕಲಿಸಿದ್ದು ಸರಿಯೇ. ಆದರೆ ಕಾಕಾ "ಬರಬಹುದು" ಅಂದಿರಲಿಲ್ಲ, "ಬರಂಗೈತಿ" ಅಂದಿದ್ದರು. ವ್ಯತ್ಯಾಸ ಅಲ್ಲೇ ಇದೆ.

ಇಂಗ್ಲಿಷ್ ಮಾತಾಡುವವರು ಮುಂದೆ ಆಗುವುದನ್ನು ಹೇಳುವಾಗ ಏಣಿಯ ಮೆಟ್ಟಿಲು ಹತ್ತಿದ ಹಾಗೆ ಮಾತು ಆರಿಸಿಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ 'ಮೈಟ್', 'ಮೇ', 'ಕುಡ್' ಇವೆ: ಬಂದರೂ ಬಂತು, ಬರದಿದ್ದರೂ ಇಲ್ಲ. 'ಮೇ'ಗಿಂತ 'ಮೈಟ್' ತುಸು ಸಡಿಲ ಎಂದು ಪುಸ್ತಕಗಳು ಹೇಳಿದರೂ ಅನೇಕರ ಬಾಯಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಅದರ ಮೇಲೆ 'ಪ್ರಾಬಬ್ಲಿ' ಮತ್ತು 'ಲೈಕ್ಲಿ': ಬಾರದಿರುವುದಕ್ಕಿಂತ ಬರುವ ಸಂಭವವೇ ಹೆಚ್ಚು. ಅದಕ್ಕೂ ಮೇಲೆ 'ಗೋಯಿಂಗ್ ಟು': ಗುರುತು ಈಗಲೇ ಕಣ್ಣಿಗೆ ಕಾಣುತ್ತಿದೆ. ತುದಿಯಲ್ಲಿ 'ಅಬೌಟ್ ಟು': ಇನ್ನೇನು, ಈ ಕ್ಷಣವೇ.

"ಗೋಯಿಂಗ್ ಅಂದ್ರ ಹೋಗೂದಲ್ಲೇನು? ಮಳಿ ಎಲ್ಲಿಗೆ ಹೋಗತೈತಿ?" ಎಂದ ಮೊಮ್ಮಗ. "ಗಾಳಿಗೆ ಮರ ಬಿದ್ದು ಹೋತು ಅಂತೀವಿ. ಬಿದ್ದ ಮರ ಎಲ್ಲಿಗೆ ಹೋಗಿರತೈತಿ?" ಎಂದೆ. ನಕ್ಕುಬಿಟ್ಟ. ಹೋಗುವ ಮಾತು ಹೋಗದ ಕೆಲಸಕ್ಕೂ ಬರುವುದು ಎರಡೂ ಭಾಷೆಯಲ್ಲಿದೆ.

ನಮ್ಮ ಏಣಿಯೇನೂ ಕಡಿಮೆಯದಲ್ಲ. ವ್ಯಾಕರಣದಲ್ಲಿ ಸಂಭಾವನಾರ್ಥಕ ಕ್ರಿಯಾಪದ ಎಂದು ಓದಿದ್ದೀರಿ: ಬಂದಾನು, ಮಾಡಿಯಾಳು, ಬಿದ್ದೀತು. ಇಂಗ್ಲಿಷಿನಲ್ಲಿ 'ಮೈಟ್' ಎಂದು ಬೇರೆ ಪದ ಸೇರಿಸಬೇಕು, ನಮ್ಮಲ್ಲಿ ಕ್ರಿಯಾಪದವೇ ರೂಪ ಬದಲಿಸಿ ಅಷ್ಟನ್ನೂ ಹೇಳುತ್ತದೆ. ಬಂಡೆ ಹತ್ತುವ ಮೊಮ್ಮಗಳಿಗೆ ಅಜ್ಜಿ "ಬಿದ್ದೀ, ಹುಷಾರು!" ಅನ್ನುವಾಗ ಆ ಪುಟ್ಟ ಮಾತಿನಲ್ಲಿ ಸಾಧ್ಯತೆಯೂ ಇದೆ, ಎಚ್ಚರಿಕೆಯೂ ಇದೆ, ಪ್ರೀತಿಯೂ ಇದೆ.

'ಮೇ' ಮತ್ತು 'ಬಹುದು' ಇನ್ನೊಂದು ವಿಷಯದಲ್ಲಿ ಜೋಡಿಯಂತಿವೆ. ತರಗತಿಯ ಬಾಗಿಲಲ್ಲಿ "ಮೇ ಐ ಕಮ್ ಇನ್" ಎಂದರೆ ಅಪ್ಪಣೆ ಕೇಳಿದಂತೆ. "ನೀನು ಒಳಗೆ ಬರಬಹುದು" ಎಂದರೆ ಅಪ್ಪಣೆ ಕೊಟ್ಟಂತೆ. "ನಾಳೆ ಮಾವ ಬರಬಹುದು" ಎಂದರೆ ಬರೀ ಸಾಧ್ಯತೆ.

ಎಡವುವ ಜಾಗವೂ ಒಂದಿದೆ. ಇನ್ನೇನು ಆಗಲಿರುವುದನ್ನು ನಾವು ಆಗಿಹೋದ ಹಾಗೆ ಹೇಳುತ್ತೇವೆ. ಗಂಗಾವತಿ ಬಸ್ಸು ದೂರದ ತಿರುವಿನಲ್ಲಿ ಕಂಡರೆ ಸಾಕು, "ಬಸ್ ಬಂತು!" ಒಳಮನೆಯಲ್ಲಿ ಚಪ್ಪಲಿ ಹುಡುಕುತ್ತಿರುವವರು "ಬಂದೆ, ಬಂದೆ" ಅನ್ನುತ್ತಾರೆ. ಇದನ್ನೇ ಇಂಗ್ಲಿಷಿಗೆ ತಂದು "ಐ ಕೇಮ್" ಎಂದರೆ ಕೇಳಿದವರು ಬಾಗಿಲ ಕಡೆ ನೋಡುತ್ತಾರೆ, ಅಲ್ಲಿ ಯಾರೂ ಇರುವುದಿಲ್ಲ. ಅವರು "ಐ ಆಮ್ ಕಮಿಂಗ್" ಅನ್ನುತ್ತಾರೆ.

ಇಂಗ್ಲಿಷನ್ನೇ ಹುಟ್ಟುಮಾತಾಗಿ ಆಡುವವರಿಗೂ ಇದು ಸುಲಭವಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ಇಲಾಖೆ, ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವುದು 'ಸೀರಿಯಸ್ ಪಾಸಿಬಿಲಿಟಿ' ಎಂದು ವರದಿ ಬರೆಯಿತು. ಹಾಗೆಂದರೆ ನೂರಕ್ಕೆ ಎಷ್ಟು ಎಂದು ಯಾರೋ ಕೇಳಿದಾಗ, ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್ 65 ಎಂದರು. ಆಮೇಲೆ ಜೊತೆಗೂಡಿ ಬರೆದವರನ್ನು ವಿಚಾರಿಸಿದರೆ ಒಬ್ಬರ ಮನಸ್ಸಿನಲ್ಲಿ 20, ಇನ್ನೊಬ್ಬರ ಮನಸ್ಸಿನಲ್ಲಿ 80! ಈಗ ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಮೊದಲೇ ಅಳತೆ ಹೇಳಿಬಿಡುತ್ತದೆ: 'ಲೈಕ್ಲಿ' ಎಂದರೆ ನೂರಕ್ಕೆ ಕನಿಷ್ಠ 66, 'ವೆರಿ ಲೈಕ್ಲಿ' ಎಂದರೆ ಕನಿಷ್ಠ 90.

ನದಿ ದಂಡೆಯ ನಮಗೆ ಇದು ಬರೀ ವ್ಯಾಕರಣವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಕೆಳಗಿನ ಊರುಗಳವರ ಕಿವಿಯೆಲ್ಲ ಎಚ್ಚರಿಕೆಯ ಮಾತಿನ ಮೇಲಿತ್ತು. "ನೀರು ಹೆಚ್ಚಾದೀತು" ಎಂದರೆ ನದಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. "ಹೆಚ್ಚುವ ಹಾಗಿದೆ" ಎಂದರೆ ದನಕರು ಬಿಚ್ಚಬೇಕು, ಪಂಪ್‌ಸೆಟ್ ಮೇಲೆ ತರಬೇಕು. "ಇನ್ನೇನು ಬಂತು" ಎಂದರೆ ಎಲ್ಲ ಬಿಟ್ಟು ಏರಿಗೆ ಓಡಬೇಕು. ಸಾಣಾಪುರಕ್ಕೆ ಬಂದು ಬಂಡೆಯಿಂದ ನದಿಗೆ ಹಾರಲು ನಿಂತವರಿಗೂ ಮೆಲ್ಲಗೆ "ಮೇ" ಅಂದರೆ ಸಾಲದು. "ಡೋಂಟ್ ಜಂಪ್, ಇಟ್ಸ್ ಡೇಂಜರಸ್" ಎಂದೇ ಹೇಳಿ.

ಈ ವಾರದ ಮನೆಗೆಲಸ. ಅಜ್ಜ-ಅಜ್ಜಿ ಕನ್ನಡದಲ್ಲಿ ಹೇಳಲಿ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳಲಿ:

1. ಹಾಲು ಇನ್ನೇನು ಉಕ್ಕುತ್ತದೆ.
2. ನಾಳೆ ಅತ್ತೆ ಬಂದರೂ ಬಂದಾಳು.
3. ಆ ಗೋಡೆ ಬೀಳುವ ಹಾಗಿದೆ.
4. ಈ ಸಲ ಭತ್ತದ ಬೆಳೆ ಬಹುಪಾಲು ಚೆನ್ನಾಗಿಯೇ ಬರುತ್ತದೆ.

ಉತ್ತರಕ್ಕೆ ಬೇಕಾದ ಮಾತುಗಳು ಕ್ರಮವಾಗಿ: ಅಬೌಟ್ ಟು, ಮೈಟ್, ಗೋಯಿಂಗ್ ಟು, ಪ್ರಾಬಬ್ಲಿ.

ಅಂದ ಹಾಗೆ, ಮಳೆ ನಿಂತ ಮೇಲೆ ಆ ದಂಪತಿ ಮೊಮ್ಮಗನನ್ನು ಕರೆದು "ಇನ್ನೂ ಮಳೆ ಬರುತ್ತದೆಯೇ?" ಎಂದು ಕೇಳಿದರು. ಅವನು ಅವಸರ ಮಾಡಲಿಲ್ಲ. ಕಾಕಾನ ಮುಖ ನೋಡಿದ. ಕಾಕಾ ಬೆಟ್ಟದ ಕಡೆ ನೋಡಿ, "ಇನ್ನ ಬರಾಂಗಿಲ್ಲ ಅನಸ್ತೈತಿ," ಅಂದರು.

"ಪ್ರಾಬಬ್ಲಿ ನಾಟ್," ಎಂದ ನನ್ನ ಮೊಮ್ಮಗ. ಹರಿಗೋಲು ನೀರಿಗಿಳಿಯಿತು.