ತೊಗರಿಗೆ ನೆಟೆ: ರೋಗಕ್ಕಿಲ್ಲದ ಗಡಿ ಸಮೀಕ್ಷೆಗೇಕೆ?

ಉಮರ್ಗಾ: ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಗಡಿ ಗ್ರಾಮಗಳಲ್ಲಿ ಒಂದೇ ರೋಗಕ್ಕೆ ಎರಡು ಹೆಸರು. ಮರಾಠಿಯಲ್ಲಿ ‘ಮರ’, ಕನ್ನಡದಲ್ಲಿ ‘ನೆಟೆ’. ಹೂವು, ಕಾಯಿ ಹಿಡಿದ ತೊಗರಿ ಗಿಡ ನಿಂತಲ್ಲೇ ಬಾಡಿ ಒಣಗುವ ಈ ರೋಗ ಪಕ್ಕದ ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದ ರೈತರಿಗೂ ಹೊಸದಲ್ಲ. ರೋಗ ಒಂದೇ ಆದರೂ ನಿಗಾ, ವಿಮೆ, ಪರಿಹಾರ ಮಾತ್ರ ಎರಡು ರಾಜ್ಯಗಳದ್ದು. ಗಡಿ ರೈತರ ಸಮಸ್ಯೆ ಇರುವುದೇ ಇಲ್ಲಿ.

2022ರ ಮುಂಗಾರು ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ವ್ಯಾಪಕವಾಗಿ ಒಣಗಿತು. ರೈತರ ಹೋರಾಟದ ನಂತರ 2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂ. ಪರಿಹಾರ ಘೋಷಿಸಿತು. ಆದರೆ ಪರಿಹಾರದಿಂದ ಮಣ್ಣಿನಲ್ಲಿರುವ ರೋಗ ಹೋಗುವುದಿಲ್ಲ.

ಕೀಟದ ಲೆಕ್ಕ ಬೇರೆ, ನೆಟೆಯ ಲೆಕ್ಕ ಬೇರೆ

2008ರಲ್ಲಿ ವಿದರ್ಭ, ಮರಾಠವಾಡಾಗಳಲ್ಲಿ ಹುಳುಗಳು ಸೋಯಾಬೀನ್ ಬೆಳೆ ತಿಂದು ಹಾಕಿದ ಮೇಲೆ ಮಹಾರಾಷ್ಟ್ರ ಸರ್ಕಾರ 2009ರಲ್ಲಿ ‘ಕ್ರಾಪ್‌ಸ್ಯಾಪ್’ ಎಂಬ ಕೀಟ ಸಮೀಕ್ಷೆ ಯೋಜನೆ ಆರಂಭಿಸಿತು. ಆಯ್ದ ಹೊಲಗಳಲ್ಲಿ ಹುಳುಗಳನ್ನು ಎಣಿಸಿ, ಮಿತಿ ಮೀರಿದಾಗ ಸಿಂಪಡಣೆಗೆ ಸಲಹೆ ಕೊಡುವುದು ಇದರ ಕ್ರಮ. ಕಾಯಿಕೊರಕಕ್ಕೆ ಇದು ಸರಿ. ನೆಟೆಗೆ ಇಷ್ಟು ಸಾಲದು. ಎಲೆ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ‘ಫ್ಯುಸೇರಿಯಂ ಉಡಮ್’ ಶಿಲೀಂಧ್ರ ಬೇರಿನಿಂದ ಕಾಂಡ ಸೇರಿ ನೀರಿನ ದಾರಿ ಮುಚ್ಚಿರುತ್ತದೆ. ಆಗ ಮೇಲಿಂದ ಸಿಂಪಡಿಸಿದ ಔಷಧದ ಹಣ ವ್ಯರ್ಥ.

ಕೊಯ್ಲಿನ ನಂತರವೂ ಈ ಶಿಲೀಂಧ್ರ ಹೊಲದಲ್ಲಿ ಉಳಿದ ಕೂಳೆಯಲ್ಲಿ ಸುಮಾರು ಮೂರು ವರ್ಷ ಬದುಕಬಲ್ಲದು. ಆದ್ದರಿಂದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗಿಡ ಒಣಗಿತು ಎಂಬ ದಾಖಲೆ ಮುಂದಿನ ಬಿತ್ತನೆಯವರೆಗೂ ಬೇಕು. ಬೀಜ, ಮಣ್ಣು ಮೆತ್ತಿದ ಟ್ರ್ಯಾಕ್ಟರ್, ಹರಿಯುವ ಮಳೆನೀರು ಗಡಿ ಕಲ್ಲು ನೋಡುವುದಿಲ್ಲ. ಒಂದು ಕಡೆಯ ದಾಖಲೆ ಇನ್ನೊಂದು ಕಡೆಗೆ ಸಿಗದಿದ್ದರೆ ಎರಡೂ ಅರ್ಧ ದಾಖಲೆಗಳೇ.

ಯಾವ ನೆಟೆ?

ಒಣಗಿದ್ದೆಲ್ಲ ಒಂದೇ ರೋಗವಲ್ಲ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟೆ ಇದ್ದು, ಕಾಂಡ ಸೀಳಿದಾಗ ಒಳಗೆ ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ನೆಟೆ. ಮಳೆ ಕೈಕೊಟ್ಟು ಬಿಸಿಲು ಏರಿದಾಗ ಬೇರಿನ ಸಿಪ್ಪೆ ಚೂರುಚೂರಾಗಿ ಕಿತ್ತು ಬಂದರೆ ಒಣ ಬೇರು ಕೊಳೆ. ನೀರು ನಿಂತ ಹೊಲದಲ್ಲಿ ಎಳೆ ಗಿಡದ ಕಾಂಡದ ಮೇಲೆ ಕಂದು ಗಾಯವಾಗಿ ಗಾಳಿಗೆ ಮುರಿದರೆ ಫೈಟಾಪ್ಥೊರಾ. 2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳ ಅತಿವೃಷ್ಟಿಯಂತಹ ಮಳೆಯಲ್ಲಿ ಈ ಮೂರನೆಯದಕ್ಕೆ ಅನುಕೂಲ ಹೆಚ್ಚು. ಮೂರನ್ನೂ ‘ಮರ’ ಎಂದು ಬರೆದುಕೊಂಡರೆ ಸಲಹೆಯೂ ತಪ್ಪುತ್ತದೆ.

ಬೆಳೆ ಪದ್ಧತಿಯ ಪಾಲೂ ಇದೆ. ಮುಂಗಾರಿ ಜೋಳದ ಅಕ್ಕಡಿ ಫ್ಯುಸೇರಿಯಂ ನೆಟೆಯನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಆದರೆ ಲಾತೂರ ಭಾಗದಲ್ಲಿ ಜೋಳದ ಜಾಗವನ್ನು ಸೋಯಾಬೀನ್ ಹಿಡಿದಿದೆ. ಒಣ ಬೇರು ಕೊಳೆಯ ಶಿಲೀಂಧ್ರ ಸೋಯಾಬೀನ್, ಕಡಲೆ, ತೊಗರಿ ಮೂರಕ್ಕೂ ತಗಲುತ್ತದೆ. ಸೋಯಾಬೀನ್ ಬೆಲೆ ನೋಡಿ ಬಿತ್ತುವ ರೈತನನ್ನು ದೂರಿ ಫಲವಿಲ್ಲ. ನೆಟೆ ಬಿದ್ದ ತುಂಡಿಗಾದರೂ ಜೋಳ ಹಾಕುವುದು ಲಾಭದ ಮಾತು.

ಸರಾಸರಿಯಲ್ಲಿ ಕರಗುವ ನಷ್ಟ

ಬೆಳೆ ವಿಮೆ ಇಳುವರಿಯ ಸರಾಸರಿ ಮೇಲೆ ನಿಂತಿದೆ. ಮಹಾರಾಷ್ಟ್ರದಲ್ಲಿ ಮಹಸೂಲ ಮಂಡಲ ಘಟಕವಾದರೆ, ಕರ್ನಾಟಕದಲ್ಲಿ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ನೆಟೆ ಮಚ್ಚೆಮಚ್ಚೆಯಾಗಿ ಬೀಳುವ ರೋಗ. ಘಟಕ ದೊಡ್ಡದಾದಷ್ಟೂ ಒಬ್ಬ ರೈತನ ನಷ್ಟ ಸರಾಸರಿಯಲ್ಲಿ ಕರಗುತ್ತದೆ. ಮಂಡಲದ ಬೆಳೆ ಚೆನ್ನಾಗಿದ್ದರೆ ಹೊಲ ಪೂರ್ತಿ ಒಣಗಿದವನಿಗೂ ಕೈಗೆ ಏನೂ ಸಿಗದು. ಹೀಗಾಗಿ ಗಡಿ ರೈತರಿಗೆ ಪರಿಹಾರಕ್ಕಿಂತ ತಡೆಯೇ ಗಟ್ಟಿ ದಾರಿ.

ಬಿತ್ತುವ ಮುನ್ನ

ತಡೆಯ ದಾರಿ ದುಬಾರಿಯಲ್ಲ. ಬದನಾಪುರ ಕೇಂದ್ರದ ಬಿಎಸ್ಎಂಆರ್ 736, ಇಕ್ರಿಸ್ಯಾಟ್‌ನ ಆಶಾ ತಳಿಗಳು ನೆಟೆ ಮತ್ತು ಗೊಡ್ಡು ರೋಗ ಎರಡನ್ನೂ ತಡೆಯುತ್ತವೆ. ಮಾರುತಿ ತಳಿ ನೆಟೆ ತಡೆದರೂ ಗೊಡ್ಡು ರೋಗಕ್ಕೆ ಬಲಿಯಾಗುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಬಹುದು. ಅದರ ಜೊತೆ ಕಾರ್ಬೆಂಡಜಿಂ ಬೆರೆಸಿದರೆ ಉಪಕಾರಿ ಶಿಲೀಂಧ್ರವೂ ಸಾಯುತ್ತದೆ. ನೀರು ಬಸಿಯಲು ಕಾಲುವೆ, ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದು, ಆ ಹೊಲದ ಬೀಜ ಕೊಡುಕೊಳ್ಳದಿರುವುದು ರೈತರ ಕೈಯಲ್ಲೇ ಇವೆ.

ಸರ್ಕಾರಗಳ ಕೈಯಲ್ಲಿರುವುದು ಬೇರೆ. ಬೀದರ್, ಕಲಬುರಗಿ, ಲಾತೂರ, ಧಾರಾಶಿವ ಜಿಲ್ಲೆಗಳ ಕೃಷಿ ಇಲಾಖೆಗಳು ನೆಟೆ ಬಿದ್ದ ಗ್ರಾಮಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ, ಬಿತ್ತನೆಗೆ ಮುನ್ನ ವಿನಿಮಯ ಮಾಡಿಕೊಳ್ಳಬೇಕು. ಸಲಹೆಯನ್ನು ಎರಡೂ ಭಾಷೆಗಳಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಒಂದು ಸಭೆ ಸಾಕು. ಗಡಿ ವಿವಾದಕ್ಕೆ ಸೇರುವ ಎರಡೂ ಕಡೆಯವರು ತೊಗರಿಗಾಗಿ ಒಮ್ಮೆ ಸೇರಿದರೆ ರೈತರ ಒಂದು ಹಂಗಾಮು ಉಳಿದೀತು.