ತಿಳಿನೀರೆಲ್ಲ ಶುದ್ಧಜಲವಲ್ಲ

ಆರೋಗ್ಯಶಾಸ್ತ್ರದ ಪಾಠದಲ್ಲಿ ಏನನ್ನು ಕಲಿತಿರಿ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿದಲ್ಲಿ, ನೀರನ್ನು ಕುದಿಸಿ ಆರಿಸಿ ಕುಡಿಯತಕ್ಕದ್ದು ಎಂಬ ಉತ್ತರವು ತಡವಿಲ್ಲದೆ ಬರುವುದು. ಬಹು ವರ್ಷಗಳಿಂದ ಈ ಪಾಠವನ್ನು ಹೇಳಿಕೊಟ್ಟವರು ನಾವೇ. ಅದು ಸುಳ್ಳಲ್ಲ, ಆದರೆ ಅರ್ಧ ಪಾಠವೆಂಬುದನ್ನು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದ ಬಾಲಿಕೆಯರು ನಮ್ಮಲ್ಲಿಗೆ ಓದಲು ಬರುತ್ತಾರೆ. ಅವರವರ ಊರಿನ ನೀರು ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣವು ಕಾವೇರಿಯ ಕವಲುಗಳ ನಡುವಣ ದ್ವೀಪ. ಹೊಳೆಯ ದಡದಲ್ಲಿ ಸ್ನಾನವೂ ಬಟ್ಟೆ ಒಗೆಯುವುದೂ ನಡೆದು, ಕೊಳಚೆಯೂ ಬಂದು ಸೇರುವಲ್ಲಿ ಭಯವು ರೋಗಕ್ರಿಮಿಗಳದು. ವಾಂತಿಭೇದಿ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಗಳು ಹೀಗೆ ಹರಡುವುವು. ಇವಕ್ಕೆ ಕುದಿಸುವುದೇ ಉತ್ತಮ ಉಪಾಯ.

ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಕಬ್ಬು ಬತ್ತಗಳ ಬೆಳೆ. ಇಂತಹ ಕಡೆಗಳಲ್ಲಿ ರಾಸಾಯನಿಕ ಗೊಬ್ಬರದಿಂದಲೂ, ತಿಪ್ಪೆ ಮತ್ತು ಕಕ್ಕಸುಗುಂಡಿಗಳಿಂದಲೂ ನೈಟ್ರೇಟ್ ಎಂಬ ಲವಣವು ಬಾವಿಗೆ ಇಳಿಯುವುದು. ಅದು ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಕಲಸಿದ ಹಾಲಿನಿಂದ ಎಳೆಗೂಸಿನ ರಕ್ತವು ಪ್ರಾಣವಾಯುವನ್ನು ಒಯ್ಯಲಾರದೆ, ಮೈ ನೀಲಿಗಟ್ಟುವ ಅಪಾಯವುಂಟು.

ನಾಗಮಂಗಲ, ಕೃಷ್ಣರಾಜಪೇಟೆಗಳ ಕೆಲವು ಒಣ ಗ್ರಾಮಗಳಲ್ಲಿ ಕೊಳವೆಬಾವಿಯೇ ಗತಿ. ಅಲ್ಲಿ ನೆಲದೊಳಗಿನ ಬಂಡೆಯಿಂದಲೇ ಫ್ಲೋರೈಡ್ ನೀರಿಗೆ ಕರಗುವುದು. ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇದ್ದರೆ ಲೇಸು, 1.5ನ್ನು ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದುಗಲೆ ಮೂಡುವುದು. ಮುಂದೆ ಬೆನ್ನು, ಕೀಲುಗಳು ಬಿಗಿಯುವುವು. ಮದರಾಸು ಪ್ರಾಂತದ ನೆಲ್ಲೂರು ಸೀಮೆಯ ಜನರಲ್ಲಿ ಈ ರೋಗವನ್ನು ವೈದ್ಯರು 1937ರಷ್ಟು ಹಿಂದೆಯೇ ವರ್ಣಿಸಿದ್ದರು. ಆದರೂ ಇಂತಹ ಹಲ್ಲುಗಳನ್ನು ಕಂಡು, ಹಲ್ಲುಜ್ಜುವುದಿಲ್ಲವೇ ಎಂದು ನಾವು ಮಕ್ಕಳನ್ನು ತರಗತಿಯ ಮುಂದೆ ಗದರಿಸಿದುದುಂಟು. ಎಷ್ಟು ಉಜ್ಜಿದರೂ ಹೋಗದ ಕಲೆಯದು. ಆ ಮಕ್ಕಳು ಇಂದು ತಾಯಂದಿರಾಗಿರಬಹುದು. ಅವರು ನಮ್ಮನ್ನು ಕ್ಷಮಿಸಲಿ.

ಕುದಿಸಿದರೆ ಕ್ರಿಮಿಗಳು ಸಾಯುವುವು. ನೈಟ್ರೇಟ್ ಆಗಲಿ ಫ್ಲೋರೈಡ್ ಆಗಲಿ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅವುಗಳ ಪ್ರಮಾಣವು ಹೆಚ್ಚುವುದು. ಕಣ್ಣಿಗೆ ತಿಳಿಯಾಗಿರುವುದು, ನಾಲಗೆಗೆ ಸಿಹಿಯಾಗಿರುವುದು, ಬೇಳೆ ಬೇಗ ಬೇಯುವುದು, ಇವು ಯಾವುವೂ ಸಾಕಾದ ಪರೀಕ್ಷೆಗಳಲ್ಲ. ನಲ್ಲಿಯ ನೀರೆಂದು ನಂಬಿ ಕೂರುವಂತೆಯೂ ಇಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನರು ಪ್ರಾಣವನ್ನೇ ಕಳೆದುಕೊಂಡರು.

ಆದುದರಿಂದ ಮೊದಲು ಪರೀಕ್ಷೆ, ಅನಂತರ ಉಪಾಯ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಸ್ತ್ರೀಯರಿಗೆ ನೀರನ್ನು ಪರೀಕ್ಷಿಸುವ ಶಿಕ್ಷಣ ಕೊಡಬೇಕೆಂಬ ವಿಧಿಯುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರು ಆ ಐವರಲ್ಲಿ ಒಬ್ಬರಾಗಬೇಕೆಂಬುದು ನಮ್ಮ ಬಯಕೆ. ಪೋಷಕರು ಪಂಚಾಯಿತಿಯಲ್ಲಿ ತಮ್ಮ ಊರಿನ ನೀರಿನ ಪರೀಕ್ಷೆಯ ಫಲವನ್ನು ಕೇಳಿ ತಿಳಿಯಲಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲೂ ಅಡಿಗೆಗೂ ಶುದ್ಧೀಕರಣ ಘಟಕದ ನೀರನ್ನಾಗಲಿ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನಾಗಲಿ ಬಳಸಲಿ. ತಿಪ್ಪೆಗುಂಡಿಗಳು ಬಾವಿಯಿಂದ ದೂರವಿರಲಿ. ನಮ್ಮ ಶಾಲೆಯೂ ಹಿಂದೆ ಉಳಿಯಬಾರದು. ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುಂಚೆಯೂ ಅನಂತರವೂ, ಇಲ್ಲಿನ ನೀರನ್ನು ಪರೀಕ್ಷಿಸಿ ಫಲವನ್ನು ಪ್ರಾರ್ಥನಾಸಭೆಯಲ್ಲಿ ಓದಿ ಹೇಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಊರೇನೋ ರಮ್ಯವಾಗಿದೆ, ಆದರೆ ನೀರು ಕೆಟ್ಟದ್ದೆಂದು ಯೆರಿಕೋವಿನ ಜನರು ಪ್ರವಾದಿ ಎಲೀಷನಲ್ಲಿ ಅರಿಕೆಮಾಡಿಕೊಂಡ ವೃತ್ತಾಂತವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆತನು ಅವರ ಕೊಡಗಳ ಬಳಿಗೆ ಹೋಗಲಿಲ್ಲ, ಬುಗ್ಗೆಯ ಬಳಿಗೆ ಹೋದನು. ಆದರೆ ಅದಕ್ಕೂ ಮೊದಲು ಆ ಜನರು ನೀರು ಕೆಟ್ಟದ್ದೆಂಬುದನ್ನು ಬಾಯಿಬಿಟ್ಟು ಹೇಳಿದ್ದರು. ನಮ್ಮ ಕೆಲಸವೂ ಅಲ್ಲಿಂದಲೇ ಮೊದಲಾಗಲಿ.